ಮೆಚ್ಚುಗೆಯ ಲೆಕ್ಕವೂ ಬೊಕ್ಕಸದ ಲೆಕ್ಕವೂ

ಕನ್ನಡದಲ್ಲಿ ‘ಬಾಯುಪಚಾರ’ ಎಂಬ ಒಂದು ಮಾತಿದೆ. ಮನೆಗೆ ಬಂದವರನ್ನು ಆದರದಿಂದ ಮಾತನಾಡಿಸಿ, ‘ಬಹಳ ಅಪರೂಪವಾದಿರಿ, ಊಟ ಮಾಡಿಕೊಂಡೇ ಹೋಗಬೇಕಾಗಿತ್ತು’ ಎನ್ನುತ್ತ ಬಾಗಿಲವರೆಗೂ ಬಂದು ಬೀಳ್ಕೊಡುವುದು. ಎಲೆಯನ್ನು ಮಾತ್ರ ಹಾಕದಿರುವುದು. ಈ ಉಪಚಾರವನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಮಾತನಾಡಿಸಿದವರ ಮುಖದಲ್ಲಿದ್ದ ಸಂತೋಷ ನಿಜವಾದದ್ದೇ ಇದ್ದೀತು. ಆದರೆ ಅದರಿಂದ ಬಂದವರ ಹಸಿವು ಹೋಗುವುದಿಲ್ಲವೆಂಬುದೂ ಅಷ್ಟೇ ನಿಜ. ನಮ್ಮ ಹಿರಿಯರು ಈ ಎರಡು ನಿಜಗಳನ್ನೂ ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ.

ಈ ಮಾತು ನನಗೆ ಈಚೆಗೆ ಪದೇ ಪದೇ ನೆನಪಾಗುತ್ತಿರುವುದಕ್ಕೆ ಕಾರಣವುಂಟು. ಇಂದು ದೊಡ್ಡ ವಾಣಿಜ್ಯ ಸಂಸ್ಥೆಯಿಂದ ಹಿಡಿದು ನಾಲ್ಕು ಜನ ಸೇರಿ ನಡೆಸುವ ಸಾಹಿತ್ಯ ಸಂಘದವರೆಗೆ ಎಲ್ಲರೂ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಒಂದೊಂದು ಪುಟವನ್ನು ತೆರೆದಿದ್ದಾರೆ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚುಗೆಯ ಗುಂಡಿಯನ್ನು ಒತ್ತಿದರು, ಎಷ್ಟು ಮಂದಿ ಹಿಂಬಾಲಕರಾದರು ಎಂಬ ಅಂಕಿಗಳು ಅಲ್ಲಿ ಕ್ಷಣಕ್ಷಣವೂ ಏರುತ್ತಿರುತ್ತವೆ. ವಾರ್ಷಿಕ ವರದಿಗಳಲ್ಲಿ ಆ ಅಂಕಿಗಳಿಗೆ ಗೌರವದ ಸ್ಥಾನ ದೊರೆತಿದೆ. ಇಷ್ಟು ಮೆಚ್ಚುಗೆ ಗಳಿಸಿದ ಸಂಸ್ಥೆಯ ಬೊಕ್ಕಸವೂ ಅದೇ ಪ್ರಮಾಣದಲ್ಲಿ ತುಂಬುತ್ತದೆಯೆ? ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದು ಪದದ ಉತ್ತರ ಸಾಲದು. ಆದರೆ ಈಚಿನ ವರ್ಷಗಳ ಕೆಲವು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾವಾಗ ಹೌದು, ಯಾವಾಗ ಇಲ್ಲ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಮೊದಲಿಗೆ ಒಂದು ಹಳೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳ ಕಾಲದಲ್ಲಿ ಒಂದು ಹಾಡು ಚೆನ್ನಾಗಿ ಬಂದಿತೆಂದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ನಟ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದ. ಆ ಕೂಗಿಗೆ ಬೇರೆ ಹಣವನ್ನೇನೂ ಕೊಡಬೇಕಾಗಿರಲಿಲ್ಲ. ಆದರೆ ಕೂಗಿದವರು ಡೇರೆಯ ಬಾಗಿಲಲ್ಲಿ ಟಿಕೇಟು ಕೊಂಡು ಒಳಗೆ ಬಂದವರು. ಚಪ್ಪಾಳೆಗಿಂತ ಮೊದಲು ಕಾಸು ಬಂದಿರುತ್ತಿತ್ತು. ಆದ್ದರಿಂದ ಕಂಪನಿಯ ಯಜಮಾನ ಚಪ್ಪಾಳೆಯ ಸದ್ದನ್ನು ಕೇಳಿ ಆ ರಾತ್ರಿಯ ಗಳಿಕೆಯನ್ನು ಬಹುಮಟ್ಟಿಗೆ ಊಹಿಸಬಹುದಾಗಿತ್ತು. ಜಾಲತಾಣದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಇಲ್ಲಿ ಚಪ್ಪಾಳೆ ಮೊದಲು. ಟಿಕೇಟು ಆಮೇಲೆ, ಬಂದರೆ ಬಂದೀತು. ಡೇರೆಯ ಹೊರಗೆ ನಿಂತವರೂ ಚಪ್ಪಾಳೆ ತಟ್ಟುತ್ತಾರೆ. ಆ ಊರಿಗೆ ಎಂದೂ ಬಾರದವರೂ ತಟ್ಟುತ್ತಾರೆ. ಸದ್ದು ಹಿಂದಿನದಕ್ಕಿಂತ ದೊಡ್ಡದೇ. ಆದರೆ ಆ ಸದ್ದಿಗೂ ಗಲ್ಲಾಪೆಟ್ಟಿಗೆಗೂ ಹಿಂದೆ ಇದ್ದ ಗಂಟು ಸಡಿಲವಾಗಿದೆ. ಇಂದಿನ ಗೊಂದಲದ ಮೂಲ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಇದಕ್ಕೆ ಅತ್ಯಂತ ಪ್ರಖರವಾದ ನಿದರ್ಶನ ಸೂಡಾನ್ ದೇಶದ ಡಾರ್ಫರ್ ಪ್ರಾಂತದ ಜನರ ಸಂಕಟಕ್ಕೆ ಸಂಬಂಧಿಸಿದ್ದು. ಅಲ್ಲಿಯ ಹತ್ಯಾಕಾಂಡವನ್ನು ನಿಲ್ಲಿಸಬೇಕೆಂದು ಅಮೆರಿಕದಲ್ಲಿ ಒಂದು ಚಳವಳಿ ನಡೆಯಿತು. 2007ರಲ್ಲಿ ಫೇಸ್‌ಬುಕ್ಕಿನಲ್ಲಿ ಅದಕ್ಕೆಂದೇ ಒಂದು ವೇದಿಕೆ ತೆರೆಯಿತು. ಮುಂದೆ ಅದರ ಸದಸ್ಯರ ಸಂಖ್ಯೆ ಸುಮಾರು 12 ಲಕ್ಷಕ್ಕೆ ಏರಿತು. ಕೆವಿನ್ ಲೂಯಿಸ್ ಮತ್ತು ಅವರ ಸಹೋದ್ಯೋಗಿಗಳು ಈ ಸದಸ್ಯರೆಲ್ಲರ ದಾನದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಅಲ್ಲಿ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಸುಮಾರು ಎರಡೂಮುಕ್ಕಾಲು ವರ್ಷದಲ್ಲಿ ಆ ವೇದಿಕೆಯ ಮೂಲಕ ಕೂಡಿದ ಹಣ ಒಂದು ಲಕ್ಷ ಡಾಲರಿಗೂ ಕಡಿಮೆ. ಅದೇ ಚಳವಳಿಗೆ 2008ರ ಒಂದೇ ಆರ್ಥಿಕ ವರ್ಷದಲ್ಲಿ ಅಂಚೆಯ ಮನವಿಪತ್ರಗಳಿಂದ ಬಂದದ್ದು ಹತ್ತು ಲಕ್ಷ ಡಾಲರಿಗೂ ಹೆಚ್ಚು. ಹನ್ನೆರಡು ಲಕ್ಷ ಹೃದಯಗಳ ಅನುಕಂಪಕ್ಕಿಂತ ಹಳೆಯ ಕಾಲದ ಲಕೋಟೆ ಹೆಚ್ಚು ಕೆಲಸ ಮಾಡಿತು.

ಇದನ್ನು ಕೇಳಿ, ಆ ಹನ್ನೆರಡು ಲಕ್ಷ ಜನರೆಲ್ಲ ಡಾಂಭಿಕರೆಂದು ತೀರ್ಮಾನಿಸುವುದು ಸುಲಭ. ಹಾಗೆ ಮಾಡುವುದು ಅನ್ಯಾಯವಾದೀತು. ಡಾರ್ಫರಿನ ಚಿತ್ರಗಳನ್ನು ನೋಡಿ ಅವರ ಮನಸ್ಸು ಕರಗಿದ್ದು ನಿಜವೇ ಇರಬೇಕು. ಆದರೆ ಕರಗಿದ ಮನಸ್ಸಿಗೆ ಒಂದು ಬೆರಳ ತುದಿಯ ಕೆಲಸ ಕೂಡಲೇ ದೊರಕಿತು. ಅದನ್ನು ಮಾಡಿದೊಡನೆ ಏನನ್ನೋ ಮಾಡಿದ ಸಮಾಧಾನವೂ ದೊರಕಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕರ್ಕ್ ಕ್ರಿಸ್ಟಾಫರ್ಸನ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಸಮಾಧಾನದ ಸ್ವರೂಪವನ್ನೇ ತೋರಿಸುತ್ತವೆ. ಒಂದು ಸತ್ಕಾರ್ಯಕ್ಕೆ ನಾಲ್ಕು ಜನರ ಎದುರಿಗೆ ಸಾಂಕೇತಿಕ ಬೆಂಬಲ ಸೂಚಿಸಿದವರು, ಆಮೇಲೆ ನಿಜವಾದ ನೆರವನ್ನು ಕೇಳಿದಾಗ ವಿಶೇಷ ಉತ್ಸಾಹವನ್ನೇನೂ ತೋರಲಿಲ್ಲ. ಯಾರಿಗೂ ಕಾಣದಂತೆ ಬೆಂಬಲ ಸೂಚಿಸಿದವರು ಹೆಚ್ಚು ಮುಂದೆ ಬಂದರು. ಎಲ್ಲರೆದುರು ತೋರಿದ ಬೆಂಬಲ, ಒಳ್ಳೆಯವರೆನಿಸಿಕೊಳ್ಳುವ ನಮ್ಮ ಆಸೆಯನ್ನು ಅಲ್ಲಿಯೇ ತೀರಿಸಿಬಿಡುತ್ತದೆ. ಗುಟ್ಟಾಗಿ ತೋರಿದ ಬೆಂಬಲ ಒಳಗೇ ಉಳಿದು ಕೆಲಸಕ್ಕೆ ಹಚ್ಚುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಹಳೆಯ ಉಪದೇಶಕ್ಕೆ ಹೀಗೊಂದು ಲೌಕಿಕ ಸಮರ್ಥನೆಯೂ ದೊರೆತಂತಾಯಿತು.

ಯುನಿಸೆಫ್ ಸಂಸ್ಥೆಯ ಸ್ವೀಡನ್ ಶಾಖೆಯವರು 2013ರಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ನೀವು ಫೇಸ್‌ಬುಕ್ಕಿನಲ್ಲಿ ನಮ್ಮನ್ನು ಮೆಚ್ಚಿದರೆ ಅದರಿಂದ ಪೋಲಿಯೋ ಲಸಿಕೆ ಪಡೆಯುವ ಮಕ್ಕಳ ಸಂಖ್ಯೆ ಸೊನ್ನೆ, ಲಸಿಕೆಗೆ ಬೇಕಾದದ್ದು ಹಣ ಎಂಬ ಅರ್ಥದ ಜಾಹೀರಾತನ್ನು ಅವರು ಪ್ರಕಟಿಸಿದರು. ಮೆಚ್ಚುವವರನ್ನು ನೋಯಿಸಿದರೆ ಇದ್ದದ್ದೂ ಹೋದೀತೆಂಬ ಭಯ ಎಲ್ಲ ಸಂಸ್ಥೆಗಳಿಗೂ ಇರುತ್ತದೆ. ಅಂಥ ಭಯವನ್ನು ಬದಿಗಿಟ್ಟು ಲೆಕ್ಕವನ್ನು ಜನರ ಮುಂದಿಟ್ಟದ್ದು ಅವರ ಹೆಚ್ಚುಗಾರಿಕೆ.

ಧರ್ಮಕಾರ್ಯಗಳ ಮಾತು ಹಾಗಿರಲಿ, ವ್ಯಾಪಾರದ ಮಾತೇನು? ಅಲ್ಲಿ ಕೊಡುವವನಿಗೆ ಒಂದು ವಸ್ತು ಮರಳಿ ಸಿಗುತ್ತದೆ. ಆದ್ದರಿಂದ ಮೆಚ್ಚುಗೆ ಬೇಗ ಹಣವಾದೀತೆಂದು ನಾವು ಭಾವಿಸಬಹುದು. ಪೆಪ್ಸಿ ಎಂಬ ಪಾನೀಯದ ಕಥೆ ಇದಕ್ಕೆ ಬೇರೆಯದೇ ಸಾಕ್ಷ್ಯ ನುಡಿಯುತ್ತದೆ. ಅಮೆರಿಕದಲ್ಲಿ ಸೂಪರ್ ಬೌಲ್ ಎಂಬ ಫುಟ್‌ಬಾಲ್ ಪಂದ್ಯದ ದಿನ ದೂರದರ್ಶನದ ಜಾಹೀರಾತಿಗೆ ಕಂಪನಿಗಳು ಅಪಾರ ಹಣವನ್ನು ಸುರಿಯುತ್ತವೆ. ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಕಾಣಿಸಿಕೊಂಡಿದ್ದ ಪೆಪ್ಸಿ 2010ರಲ್ಲಿ ಅದನ್ನು ಕೈಬಿಟ್ಟಿತು. ಅದರ ಬದಲು ಊರೂರಿನ ಒಳ್ಳೆಯ ಕೆಲಸಗಳಿಗೆ 2 ಕೋಟಿ ಡಾಲರ್ ಅನುದಾನ ಕೊಡುವುದಾಗಿಯೂ, ಯಾವ ಕೆಲಸಕ್ಕೆ ಕೊಡಬೇಕೆಂಬುದನ್ನು ಜನರೇ ಅಂತರಜಾಲದಲ್ಲಿ ಮತ ಹಾಕಿ ನಿರ್ಧರಿಸಬೇಕೆಂದೂ ಸಾರಿತು. ಆಲೋಚನೆ ಸೊಗಸಾಗಿತ್ತು. 8 ಕೋಟಿಗೂ ಹೆಚ್ಚು ಮತಗಳು ಬಿದ್ದವು. ಲಕ್ಷಾಂತರ ಮಂದಿ ಪೆಪ್ಸಿಯ ಪುಟವನ್ನು ಮೆಚ್ಚಿಕೊಂಡರು. ಆದರೆ ಆ ವರ್ಷದ ಮಾರಾಟದ ಲೆಕ್ಕ 2011ರ ಮಾರ್ಚಿಯಲ್ಲಿ ಹೊರಬಿದ್ದಾಗ, ಬಹುಕಾಲದಿಂದ ಎರಡನೆಯ ಸ್ಥಾನದಲ್ಲಿದ್ದ ಪೆಪ್ಸಿ ಮೂರನೆಯದಕ್ಕೆ ಇಳಿದಿತ್ತು. ಕೋಕಾ ಕೋಲಾ ಮತ್ತು ಅದರದೇ ತಂಗಿಯಾದ ಡಯಟ್ ಕೋಕ್ ಮೇಲಿದ್ದವು.

ಏಕೆ ಹೀಗಾಯಿತು? ಮತ ಹಾಕಿದವರು ತಮ್ಮ ಊರಿನ ಶಾಲೆಗೆ, ತಮ್ಮ ಬಡಾವಣೆಯ ಉದ್ಯಾನಕ್ಕೆ ಮತ ಹಾಕಿದ್ದರು. ಅವರ ಪ್ರೀತಿ ಇದ್ದದ್ದು ಶಾಲೆಯ ಮೇಲೆ, ಪಾನೀಯದ ಮೇಲಲ್ಲ. ಮತ ಹಾಕುವುದಕ್ಕೆ ಒಂದು ಶೀಸೆಯನ್ನೂ ಕೊಳ್ಳಬೇಕಾಗಿರಲಿಲ್ಲ. ಜನ ಕೂಡಿದ್ದ ಕಾರಣ ಬೇರೆ, ಮಾರಬೇಕಾಗಿದ್ದ ಸರಕು ಬೇರೆ. ಹರಿಕಥೆಗೆ ಸೇರಿದ ಸಭೆಯಲ್ಲಿ ನೇಗಿಲನ್ನು ಮಾರಲು ಹೊರಟಂತೆ! ಸಭೆ ತುಂಬಿದ್ದೇನೋ ನಿಜ. ಅಲ್ಲಿ ರೈತರೂ ಇದ್ದಾರು. ಆದರೆ ಅವರು ನೇಗಿಲಿನ ಮನಸ್ಸಿನಲ್ಲಿ ಬಂದು ಕುಳಿತವರಲ್ಲ.

ಎರಡು ಚಲನಚಿತ್ರಗಳನ್ನು ಎದುರುಬದುರು ಇಟ್ಟು ನೋಡಿದರೆ ಈ ಮಾತು ಇನ್ನೂ ತಿಳಿಯಾಗುತ್ತದೆ. 2006ರಲ್ಲಿ ‘ಸ್ನೇಕ್ಸ್ ಆನ್ ಎ ಪ್ಲೇನ್’ ಎಂಬ ಅಮೆರಿಕನ್ ಚಿತ್ರ ತೆರೆಗೆ ಬಂದಿತು. ವಿಮಾನದೊಳಗೆ ಹಾವುಗಳು ಸೇರಿಕೊಳ್ಳುವ ಕಥೆ. ಹೆಸರೇ ನಗೆ ಬರಿಸುವಂಥದು. ಚಿತ್ರ ಬರುವ ಎಷ್ಟೋ ತಿಂಗಳು ಮೊದಲೇ ಅಂತರಜಾಲದ ತುಂಬ ಅದರ ಮೇಲೆ ಅಣಕು ಹಾಡು, ಅಣಕು ಭಿತ್ತಿಚಿತ್ರ, ಹಾಸ್ಯ ಚಟಾಕಿ ಹರಿದಾಡಿದವು. ಅಂಥ ಪ್ರಚಾರ ಅಲ್ಲಿಯವರೆಗೆ ಬೇರೆ ಯಾವ ಚಿತ್ರಕ್ಕೂ ಸಿಕ್ಕಿರಲಾರದು. ತೆರೆ ಕಂಡಾಗ ಮೊದಲ ವಾರಾಂತ್ಯದ ಗಳಿಕೆ ಸುಮಾರು ಒಂದೂವರೆ ಕೋಟಿ ಡಾಲರ್. ಉದ್ಯಮದವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಜನ ಬಯಸಿದ್ದು ಆ ಹೆಸರಿನ ತಮಾಷೆಯನ್ನು. ಅದು ಮನೆಯಲ್ಲಿ ಕುಳಿತೇ ಧರ್ಮಕ್ಕೆ ಸಿಕ್ಕಿಬಿಟ್ಟ ಮೇಲೆ ಚಿತ್ರಮಂದಿರದವರೆಗೆ ಹೋಗುವ ಅಗತ್ಯವೇ ಉಳಿಯಲಿಲ್ಲ.

ಇನ್ನೊಂದು ನಮ್ಮದೇ ‘ಕಾಂತಾರ’. 2022ರ ಸೆಪ್ಟೆಂಬರ್ 30ರಂದು ಅದು ಕನ್ನಡದಲ್ಲಿ ಮಾತ್ರ ತೆರೆಗೆ ಬಂದಿತು. ಮೊದಲು ನೋಡಿದವರು ಹೊರಗೆ ಬಂದು ಜಾಲತಾಣಗಳಲ್ಲಿ ಬರೆದರು, ಮಾತನಾಡಿದರು. ಆ ಮಾತು ರಾಜ್ಯದ ಗಡಿಯನ್ನು ದಾಟಿತು. ಎರಡು ವಾರಗಳಲ್ಲಿ, ಅಕ್ಟೋಬರ್ 14ರಂದು, ಹಿಂದಿ ಅವತರಣಿಕೆ ಬಂದಿತು. ಬೇರೆ ಭಾಷೆಗಳಲ್ಲಿಯೂ ಬಂದಿತು. ಕಡಿಮೆ ಬಂಡವಾಳದ ಆ ಚಿತ್ರ ನೂರಾರು ಕೋಟಿ ರೂಪಾಯಿಗಳನ್ನು ಗಳಿಸಿತು. ಇಲ್ಲಿಯೂ ಜಾಲತಾಣದ ಜನಪ್ರಿಯತೆಯೇ ಕೆಲಸ ಮಾಡಿತು. ಆದರೆ ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ಮಾತನಾಡಿದವರು ಟಿಕೇಟು ಕೊಂಡು ನೋಡಿ ಬಂದವರು. ಅವರು ಹೊಗಳಿದ ಅನುಭವ ಬೆರಳ ತುದಿಯಲ್ಲಿ ಸಿಗುವಂಥದಲ್ಲ. ಅದಕ್ಕೆ ಕತ್ತಲೆಯ ಮಂದಿರವೇ ಬೇಕು. ಮಂದಿರವಾದರೋ ಪಕ್ಕದ ಬೀದಿಯಲ್ಲಿಯೇ ಇತ್ತು. ಚಪ್ಪಾಳೆ ಮತ್ತೆ ಟಿಕೇಟಿನ ಹಿಂದಿನಿಂದ ಬಂದಿತು, ನಾಟಕ ಕಂಪನಿಯ ಕಾಲದಂತೆ.

ಹಾಗಾದರೆ ಮೆಚ್ಚುಗೆಯಿಂದ ಹಣದವರೆಗಿನ ದಾರಿ ಎಂಥದು? ಅದು ಹಲವು ಮೆಟ್ಟಿಲುಗಳ ದಾರಿ. ಮೊದಲು ಜನ ನೋಡಬೇಕು. ನೋಡಿದ್ದು ನೆನಪಿನಲ್ಲಿ ಉಳಿಯಬೇಕು. ನೆನಪು ಬೇಕೆಂಬ ಇಚ್ಛೆಯಾಗಬೇಕು. ಇಚ್ಛೆಯಿದ್ದವನ ಕೈಯಲ್ಲಿ ಹಣವಿರಬೇಕು. ಹಣವಿದ್ದವನಿಗೆ ಕೊಡುವ ದಾರಿ ಎದುರಿಗೇ ಇರಬೇಕು. ಒಂದೊಂದು ಮೆಟ್ಟಿಲಿನಲ್ಲಿಯೂ ಹತ್ತರಲ್ಲಿ ಒಬ್ಬ ಮಾತ್ರ ಮೇಲೆ ಹತ್ತುತ್ತಾನೆಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಒಂದು ಲಕ್ಷ ಮಂದಿ ನೋಡಿದರೆ ನೆನಪಿಡುವವರು ಹತ್ತು ಸಾವಿರ, ಬಯಸುವವರು ಒಂದು ಸಾವಿರ, ಹಣವುಳ್ಳವರು ನೂರು, ಕೊನೆಗೆ ಕೊಡುವವರು ಹತ್ತು. ಜಾಲತಾಣ ನಮಗೆ ತೋರಿಸುವುದು ಕೆಳಗಿನ ಮೆಟ್ಟಿಲಿನ ಲಕ್ಷವನ್ನು. ಖಜಾಂಚಿಯ ಕೈಗೆ ಬರುವುದು ಮೇಲಿನ ಮೆಟ್ಟಿಲಿನ ಹತ್ತು. ನೋಡುವವರನ್ನು ಎರಡು ಲಕ್ಷ ಮಾಡುವುದಕ್ಕೆ ಹೆಣಗುವ ಬದಲು, ನಡುವಿನ ಒಂದು ಮೆಟ್ಟಿಲನ್ನು ಸುಲಭ ಮಾಡಿದರೆ ಫಲ ಹೆಚ್ಚು. ನಮ್ಮ ದೇಶದಲ್ಲಿ 2016ರಲ್ಲಿ ಯುಪಿಐ ಎಂಬ ಪಾವತಿಯ ವ್ಯವಸ್ಥೆ ಬಂದ ಮೇಲೆ ಕಡೆಯ ಮೆಟ್ಟಿಲು ಬಹಳ ತಗ್ಗಿದೆಯೆಂಬುದನ್ನು ಇಲ್ಲಿ ನೆನೆಯಬೇಕು.

ಮೆಟ್ಟಿಲುಗಳೆಲ್ಲವೂ ಒಂದೇ ಸಲ ತಗ್ಗಿದರೆ ಏನಾಗುತ್ತದೆಂಬುದಕ್ಕೆ 2014ರ ‘ಐಸ್ ಬಕೆಟ್’ ಪಂಥವೇ ಸಾಕ್ಷಿ. ಎ.ಎಲ್.ಎಸ್. ಎಂಬುದು ನರಗಳು ಸೊರಗಿ ದೇಹದ ಸ್ನಾಯುಗಳು ಒಂದೊಂದಾಗಿ ಕೆಲಸ ನಿಲ್ಲಿಸುವ ದಾರುಣ ರೋಗ. ಆ ರೋಗಕ್ಕೆ ತುತ್ತಾಗಿದ್ದ ಪ್ಯಾಟ್ ಕ್ವಿನ್, ಪೀಟ್ ಫ್ರೇಟ್ಸ್ ಎಂಬ ತರುಣರು ಈ ಪಂಥ ದೇಶದೇಶಗಳಿಗೆ ಹಬ್ಬಲು ಕಾರಣರಾದರು. ತಲೆಯ ಮೇಲೆ ಮಂಜುಗಡ್ಡೆಯ ನೀರನ್ನು ಸುರಿದುಕೊಳ್ಳಬೇಕು, ಇಲ್ಲವೆ ಹಣ ಕೊಡಬೇಕು. ಆಮೇಲೆ ಇನ್ನು ಕೆಲವರನ್ನು ಹೆಸರು ಹಿಡಿದು ಕರೆಯಬೇಕು. ಅವರಿಗೆ ಇಪ್ಪತ್ತನಾಲ್ಕು ಗಂಟೆಗಳ ಗಡುವು. ಎಷ್ಟೋ ಮಂದಿ ಎರಡನ್ನೂ ಮಾಡಿದರು. ಫೇಸ್‌ಬುಕ್ ಒಂದರಲ್ಲಿಯೇ 1.7 ಕೋಟಿಗೂ ಹೆಚ್ಚು ಚಿತ್ರಿಕೆಗಳು ಬಂದವು. ಅಮೆರಿಕದ ಎ.ಎಲ್.ಎಸ್. ಸಂಸ್ಥೆಗೆ ಸುಮಾರು ಎಂಟು ವಾರಗಳಲ್ಲಿ 11.5 ಕೋಟಿ ಡಾಲರ್ ಹರಿದುಬಂದಿತು. ಅದರ ಬಹುಭಾಗ ಸಂಶೋಧನೆಗೆ ಹೋಯಿತು. 2016ರಲ್ಲಿ ಈ ರೋಗಕ್ಕೆ ಸಂಬಂಧಿಸಿದ ಎನ್.ಇ.ಕೆ.1 ಎಂಬ ವಂಶವಾಹಿಯನ್ನು ಗುರುತಿಸಿದ ಕಾರ್ಯಕ್ಕೆ ಆ ಹಣದ ನೆರವಿತ್ತು.

ಈ ಪಂಥ ಗೆದ್ದದ್ದೇಕೆಂದು ವಿಚಾರಿಸೋಣ. ‘ಯಾರಾದರೂ ಸಹಾಯ ಮಾಡಿ’ ಎಂದು ಗಾಳಿಗೆ ಕೂಗಲಿಲ್ಲ. ಹೆಸರು ಹಿಡಿದು ಒಬ್ಬೊಬ್ಬರನ್ನು ಕರೆಯಿತು. ‘ಎಂದಾದರೂ’ ಎನ್ನಲಿಲ್ಲ, ನಾಳೆಯೊಳಗೆ ಎಂದಿತು. ಕರೆದವನು ಪರಕೀಯನಲ್ಲ, ಗೆಳೆಯ, ನೆರೆಯವ, ಸಹೋದ್ಯೋಗಿ. ನಮ್ಮ ಊರುಗಳಲ್ಲಿ ಮದುವೆಯ ಕರೆಗೆ ಮನೆಯ ಹಿರಿಯರೇ ಅರಿಶಿನ ಕುಂಕುಮ ಹಿಡಿದು ಬಂದು ಕರೆಯುವುದಕ್ಕೂ, ಕಂಬಕ್ಕೆ ಒಂದು ಕರೆಯೋಲೆಯನ್ನು ಅಂಟಿಸಿ ಹೋಗುವುದಕ್ಕೂ ಇರುವ ಅಂತರ ಇದು. ಆದರೂ ಮರುವರ್ಷ ಅದೇ ಪಂಥವನ್ನು ಅದೇ ತಿಂಗಳಲ್ಲಿ ಮತ್ತೆ ನಡೆಸಿದಾಗ ಬಂದದ್ದು ಮೊದಲಿನದರ ಒಂದು ಸಣ್ಣ ಅಂಶ ಮಾತ್ರ. ಕುತೂಹಲವೆಂಬುದು ಒಂದು ಮಳೆಗಾಲದ ಹಳ್ಳ. ಅದನ್ನು ನಂಬಿ ತೋಟ ಹಾಕುವಂತಿಲ್ಲ. ಬಂದ ನೀರನ್ನು ಕೆರೆಯಲ್ಲಿ ನಿಲ್ಲಿಸಿಕೊಂಡವನು ಜಾಣ.

ಕೆರೆ ಕಟ್ಟದವರ ಕಥೆಯೂ ಉಂಟು. ಇನ್‌ವಿಸಿಬಲ್ ಚಿಲ್ಡ್ರನ್ ಎಂಬ ಅಮೆರಿಕದ ಸಂಸ್ಥೆ 2012ರ ಮಾರ್ಚಿಯಲ್ಲಿ ಉಗಾಂಡದ ಬಂಡುಕೋರ ನಾಯಕ ಜೋಸೆಫ್ ಕೋನಿಯ ಕ್ರೌರ್ಯವನ್ನು ಕುರಿತು ‘ಕೋನಿ 2012’ ಎಂಬ ಅರ್ಧ ಗಂಟೆಯ ಚಿತ್ರವನ್ನು ಅಂತರಜಾಲಕ್ಕೆ ಏರಿಸಿತು. ಆರೇ ದಿನಗಳಲ್ಲಿ ಹತ್ತು ಕೋಟಿ ವೀಕ್ಷಣೆಗಳು. ಆ ವರ್ಷ ಹಣವೂ ಹೇರಳವಾಗಿ ಬಂದಿತು. ಆದರೆ ಮರುವರ್ಷವೇ ಆದಾಯ ಕುಸಿಯಿತು. 2014ರ ಡಿಸೆಂಬರಿನಲ್ಲಿ ಸಂಸ್ಥೆ ಅಮೆರಿಕದಲ್ಲಿನ ತನ್ನ ಬಹುಪಾಲು ಕಾರ್ಯಗಳನ್ನು ಮುಗಿಸುವುದಾಗಿ ಪ್ರಕಟಿಸಿತು. ಒಂದೇ ಅಲೆಯಲ್ಲಿ ಮೇಲೆದ್ದ ದೋಣಿ ಅದೇ ಅಲೆಯೊಡನೆ ಕೆಳಗಿಳಿಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಒಂದು ಸಂಸ್ಥೆಯ ಪುಟವನ್ನು ಮೆಚ್ಚಿದವರು ಮೆಚ್ಚದವರಿಗಿಂತ ಹೆಚ್ಚು ಕೊಳ್ಳುತ್ತಾರೆಂದು ವ್ಯಾಪಾರಿಗಳು ತಮ್ಮ ಲೆಕ್ಕದಿಂದಲೇ ತೋರಿಸುತ್ತಾರಲ್ಲ, ಅದು ಸುಳ್ಳೆ? ಸುಳ್ಳಲ್ಲ. ಆದರೆ ಕಾರ್ಯಕ್ಕೂ ಕಾರಣಕ್ಕೂ ಅಲ್ಲಿ ಅದಲುಬದಲಾಗಿದೆ. ಕೊಡೆ ಹಿಡಿದವರು ಹೆಚ್ಚಾಗಿ ಕಂಡ ದಿನ ಮಳೆ ಬರುತ್ತದೆ. ಕೊಡೆಯಿಂದ ಮಳೆ ಬಂದಿತೆಂದು ಯಾರೂ ಹೇಳುವುದಿಲ್ಲ. ಮೊದಲೇ ಆ ಸರಕನ್ನು ಇಷ್ಟಪಟ್ಟು ಕೊಳ್ಳುತ್ತಿದ್ದವರೇ ಪುಟವನ್ನೂ ಮೆಚ್ಚುತ್ತಾರೆ. ಲೆಸ್ಲಿ ಜಾನ್, ಡೇನಿಯಲ್ ಮೋಚನ್ ಮೊದಲಾದ ವಿದ್ವಾಂಸರು 18,000ಕ್ಕೂ ಹೆಚ್ಚು ಜನರ ಮೇಲೆ 23 ಪ್ರಯೋಗಗಳನ್ನು ಮಾಡಿ 2017ರಲ್ಲಿ ಅದರ ಸಾರವನ್ನು ಪ್ರಕಟಿಸಿದರು. ಕೆಲವರನ್ನು ಪುಟ ಮೆಚ್ಚಲು ಆಹ್ವಾನಿಸಿ, ಕೆಲವರನ್ನು ಆಹ್ವಾನಿಸದೆ ಬಿಟ್ಟು, ಆಮೇಲೆ ಎರಡೂ ಗುಂಪಿನ ನಡವಳಿಕೆಯನ್ನು ಹೋಲಿಸಿದರು. ಬರಿಯ ಮೆಚ್ಚುಗೆಯಿಂದ ಕೊಳ್ಳುವಿಕೆ ಹೆಚ್ಚಲಿಲ್ಲ. ಮೆಚ್ಚಿದವರ ಸ್ನೇಹಿತರೂ ಹೆಚ್ಚು ಕೊಳ್ಳಲಿಲ್ಲ. ದಕ್ಷಿಣ ಆಫ್ರಿಕಾದ ಒಂದು ಆರೋಗ್ಯ ಯೋಜನೆಯಲ್ಲಿ ಮಾತ್ರ ಸದಸ್ಯರ ಚಟುವಟಿಕೆ ನೂರಕ್ಕೆ 8ರಷ್ಟು ಏರಿತು. ಅಲ್ಲಿ ಸಂಸ್ಥೆ ಫೇಸ್‌ಬುಕ್ಕಿಗೆ ಹಣ ಕೊಟ್ಟು, ಪುಟವನ್ನು ಮೆಚ್ಚಿದವರ ಕಣ್ಣಿಗೆ ತನ್ನ ಬರಹಗಳು ಬೀಳುವಂತೆ ಮಾಡಿತ್ತು. ಎಂದರೆ ಫಲ ಕೊಟ್ಟದ್ದು ಹಳೆಯ ಜಾಹೀರಾತೇ.

ಈ ಮಾತು ನಮ್ಮನ್ನು ಇನ್ನೊಂದು ಮುಖ್ಯ ವಿಷಯಕ್ಕೆ ಕರೆದೊಯ್ಯುತ್ತದೆ. ಜಾಲತಾಣದ ಪುಟ ನಮ್ಮ ಮನೆಯಲ್ಲ, ಬಾಡಿಗೆಯ ಮನೆ. ಯಾರ ಬರಹ ಯಾರಿಗೆ ಕಾಣಬೇಕೆಂಬುದನ್ನು ನಿರ್ಧರಿಸುವವರು ಮನೆಯ ಒಡೆಯರು. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಸಂಸ್ಥೆಗಳ ಬರಹಗಳಿಗಿಂತ ಬಂಧುಮಿತ್ರರ ಬರಹಗಳಿಗೆ ಆದ್ಯತೆ ಕೊಡುವುದಾಗಿ ಸಾರಿತು. ಅದರ ಮರುತಿಂಗಳೇ ಅಮೆರಿಕದ ಲಿಟ್ಲ್‌ಥಿಂಗ್ಸ್ ಎಂಬ ಅಂತರಜಾಲ ಪತ್ರಿಕೆ ಆ ಬದಲಾವಣೆಯನ್ನೇ ಕಾರಣವಾಗಿ ಹೇಳಿ ಬಾಗಿಲು ಮುಚ್ಚಿತು. ಜಾಲತಾಣದ ಜನಪ್ರಿಯತೆಗೇ ಹೆಸರಾಗಿದ್ದ ಬಜ್‌ಫೀಡ್ ಸಂಸ್ಥೆಯ ಸುದ್ದಿ ವಿಭಾಗ 2021ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು; 2023ರಲ್ಲಿ ಮುಚ್ಚಿಹೋಯಿತು. ಒಂದು ಕಾಲಕ್ಕೆ 570 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ವೈಸ್ ಸಂಸ್ಥೆ ಅದೇ 2023ರ ಮೇ ತಿಂಗಳಲ್ಲಿ ದಿವಾಳಿತನದ ಅರ್ಜಿ ಹಾಕಿತು. ಇವರನ್ನು ಓದುವವರಿಗೆ ಕೊರತೆಯಿರಲಿಲ್ಲ. ಓದುವವರಿಂದ ಬರುವ ಜಾಹೀರಾತಿನ ಹಣ ಮಾತ್ರ ಬಹುಪಾಲು ಬೇರೆ ಕಡೆಗೆ ಹರಿಯಿತು. ಫೇಸ್‌ಬುಕ್ಕಿನ ಒಡೆಯನಾದ ಮೆಟಾ ಸಂಸ್ಥೆಯ 2023ರ ಆದಾಯ ಸುಮಾರು 13,500 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಭಾಗ ಜಾಹೀರಾತಿನದು. ಜಾತ್ರೆಯಲ್ಲಿ ಅಂಗಡಿಯವರಿಗೆ ಲಾಭವಾಯಿತೋ ಇಲ್ಲವೋ, ನೆಲಸುಂಕ ಎತ್ತುವವನಿಗಂತೂ ನಷ್ಟವಿಲ್ಲ.

ಹೊರದೇಶದ ಮಾತನ್ನು ಇಷ್ಟು ಹೇಳಿದ ಮೇಲೆ ನಮ್ಮ ಹತ್ತಿರದ ಮಾತನ್ನೂ ಹೇಳಬೇಕು. ನಿವೃತ್ತನಾದ ಮೇಲೆ ನಾನು ನಮ್ಮ ಊರಿನ ಒಂದು ಸಣ್ಣ ಸಾಹಿತ್ಯ ಸಂಘದ ಕೆಲಸದಲ್ಲಿ ಭಾಗಿಯಾಗಿದ್ದೇನೆ. ಸಂಘಕ್ಕೊಂದು ತ್ರೈಮಾಸಿಕ ಪತ್ರಿಕೆಯಿದೆ. ಕೆಲವು ವರ್ಷಗಳ ಹಿಂದೆ ಉತ್ಸಾಹಿ ತರುಣರು ಸಂಘಕ್ಕೆ ಫೇಸ್‌ಬುಕ್ ಪುಟವನ್ನು ತೆರೆದರು. ಹಿಂಬಾಲಕರು ಸಾವಿರಗಟ್ಟಲೆ ಆದರು. ಅದೇ ವರ್ಷಗಳಲ್ಲಿ ಚಂದಾದಾರರು ಕಡಿಮೆಯಾಗುತ್ತ ಬಂದರು. ಕಾಗದದ ಬೆಲೆ ಏರುತ್ತ ಬಂದಿತು. ಪತ್ರಿಕೆಯನ್ನು ಮುಂದುವರಿಸಬೇಕೆ ಬೇಡವೆ ಎಂಬ ಪ್ರಶ್ನೆಯೇ ಸಭೆಯ ಮುಂದೆ ಬಂದಿತು. ‘ಇಷ್ಟು ಜನ ಮೆಚ್ಚುತ್ತಿರುವಾಗ ಪತ್ರಿಕೆ ನಿಲ್ಲುವುದುಂಟೆ ಸಾರ್?’ ಎಂದರು ತರುಣರು. ‘ಮೆಚ್ಚಿದವರು ಮುದ್ರಕರ ಬಿಲ್ಲನ್ನು ಕಟ್ಟುತ್ತಾರೇನಪ್ಪ?’ ಎಂದರು ನಮ್ಮ ಖಜಾಂಚಿಗಳು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು.

ಕೊನೆಗೆ ಎರಡು ಕೆಲಸಗಳನ್ನು ಮಾಡಿ ನೋಡಿದೆವು. ಪುಟದಲ್ಲಿ ‘ಪತ್ರಿಕೆಯನ್ನು ಉಳಿಸಿ’ ಎಂಬ ಮನವಿಯನ್ನು ಹಾಕಿದೆವು. ಜೊತೆಗೆ ಹಳೆಯ ಚಂದಾದಾರರಿಗೆಲ್ಲ ಹೆಸರು ಬರೆದು ಒಂದೊಂದು ಕಾರ್ಡು ಹಾಕಿದೆವು. ಮನವಿಗೆ ಮೆಚ್ಚುಗೆಯೂ ಕೈಮುಗಿದ ಚಿತ್ರಗಳೂ ಮಳೆಯಂತೆ ಸುರಿದವು. ಚಂದಾ ಬಂದದ್ದು ಬೆರಳಲ್ಲಿ ಎಣಿಸುವಷ್ಟು. ಕಾರ್ಡುಗಳಿಗೆ ಅಷ್ಟು ಸದ್ದಿರಲಿಲ್ಲ. ಆದರೆ ಚಂದಾ ಹೆಚ್ಚಾಗಿ ಬಂದದ್ದು ಅಲ್ಲಿಂದಲೇ. ಇಷ್ಟಕ್ಕೇ ಕಥೆ ಮುಗಿಯಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಕೆಲವು ತಿಂಗಳ ಮೇಲೆ ತರುಣರಲ್ಲೊಬ್ಬರು ಮನವಿಯ ಬಗೆಯನ್ನೇ ಬದಲಾಯಿಸಿದರು. ಒಂದು ಹಳ್ಳಿಯ ಶಾಲೆಗೆ ಒಂದು ವರ್ಷ ಪತ್ರಿಕೆ ಹೋಗಬೇಕಾದರೆ ಇಷ್ಟು ರೂಪಾಯಿ ಬೇಕು, ಅಂಥ ಶಾಲೆಗಳ ಪಟ್ಟಿ ಇದು, ಹಣ ಕಟ್ಟುವ ದಾರಿ ಇದು ಎಂದು ಬರೆದರು. ಒಂದೊಂದು ಶಾಲೆಗೆ ಹಣ ಬಂದಂತೆಲ್ಲ ಅದನ್ನೂ ತಿಳಿಸುತ್ತ ಹೋದರು. ಮೆಚ್ಚುಗೆಗಳು ಮೊದಲಿನದಕ್ಕಿಂತ ಕಡಿಮೆ ಬಿದ್ದವು; ಹಣ ಹೆಚ್ಚು ಬಂದಿತು. ಆ ಶಾಲೆಗಳಲ್ಲಿ ಹಿಂದೆ ಓದಿ, ಈಗ ಕಡಲಾಚೆ ಇರುವ ಕೆಲವರು ಕೂಡ ಕಳಿಸಿದರು. ಅವರಿಗೆ ನಮ್ಮ ಕಾರ್ಡು ಎಂದೂ ತಲುಪುತ್ತಿರಲಿಲ್ಲ. ಪತ್ರಿಕೆ ಸದ್ಯಕ್ಕೆ ಉಸಿರಾಡುತ್ತಿದೆ.

ಆದ್ದರಿಂದ ಜಾಲತಾಣವೇ ಬೇಡವೆನ್ನುವ ವಾದ ನನ್ನದಲ್ಲ. ಅದು ಜಾತ್ರೆಯ ಧ್ವನಿವರ್ಧಕವಿದ್ದಂತೆ. ಕೂಗನ್ನು ದೂರಕ್ಕೆ ಮುಟ್ಟಿಸುತ್ತದೆ. ಅಂಗಡಿಯಲ್ಲಿ ಕುಳಿತು ತಕ್ಕಡಿ ಹಿಡಿಯುವುದಿಲ್ಲ. ಸಂಸ್ಥೆಯನ್ನು ನಡೆಸುವವರು ಎಣಿಸಬೇಕಾದದ್ದು ನೋಡಿ ಹೋದವರನ್ನಲ್ಲ. ವಿಳಾಸವನ್ನು ಕೊಟ್ಟು ಹೋದವರೆಷ್ಟು, ಎರಡನೆಯ ಸಲ ಮರಳಿ ಬಂದವರೆಷ್ಟು, ಮರುವರ್ಷ ಚಂದಾ ನವೀಕರಿಸಿದವರೆಷ್ಟು ಎಂಬುದನ್ನು. ಕನ್ನಡ ಪ್ರಕಾಶನದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ಬೆಳೆಯಿತು. ಅವರಿಗೆ ತಮ್ಮ ಓದುಗರ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಸಂಖ್ಯೆ ಸಣ್ಣದಾಗಿದ್ದರೂ ಆ ಸಂಖ್ಯೆಯ ಹಿಂದೆ ಮನುಷ್ಯರಿದ್ದರು.

ಓದುಗರಾದ ನಮಗೂ ಇದರಲ್ಲಿ ಒಂದು ಪಾಲಿದೆ. ಒಂದು ಒಳ್ಳೆಯ ಪತ್ರಿಕೆಯನ್ನೋ, ಹವ್ಯಾಸಿ ನಾಟಕ ತಂಡವನ್ನೋ, ಅನಾಥಾಲಯವನ್ನೋ ಕುರಿತ ಬರಹವನ್ನು ಕಂಡು ನಮ್ಮ ಬೆರಳು ತಾನಾಗಿ ಮೆಚ್ಚುಗೆಯ ಗುಂಡಿಯ ಮೇಲೆ ಹೋಗುತ್ತದೆ. ಹೋಗಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟಕ್ಕೇ ಕೆಲಸ ಮುಗಿಯಿತೆಂಬ ಸಮಾಧಾನ ಬಂದರೆ ಅದನ್ನು ಸ್ವಲ್ಪ ಸಂಶಯದಿಂದ ನೋಡಬೇಕು. ನಾವು ಮೆಚ್ಚಿದ ಸಂಸ್ಥೆ ಮುಂದಿನ ವರ್ಷವೂ ಇರಬೇಕೆಂದು ನಿಜವಾಗಿ ಬಯಸುವುದಾದರೆ, ಆ ದಿನವೇ ಚಂದಾ ಕಟ್ಟುವುದು, ಒಂದು ಟಿಕೇಟು ಕೊಳ್ಳುವುದು, ಒಂದು ಪುಸ್ತಕ ತರಿಸುವುದು ನಮ್ಮ ಕೈಯಲ್ಲಿದೆ. ಎಷ್ಟೋ ಒಳ್ಳೆಯ ಸಂಸ್ಥೆಗಳು ಮುಚ್ಚುವ ದಿನ ಅವುಗಳ ಪುಟದಲ್ಲಿ ‘ಅಯ್ಯೋ, ಹೀಗಾಗಬಾರದಿತ್ತು’ ಎಂದು ನೂರಾರು ಮಂದಿ ಬರೆಯುವುದನ್ನು ಕಂಡಿದ್ದೇನೆ. ಅವರಲ್ಲಿ ಕಾಲು ಭಾಗ ಜನ ಒಂದು ವರ್ಷ ಮುಂಚೆ ಚಂದಾ ಕಟ್ಟಿದ್ದರೆ ಆ ಸಂತಾಪವನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲವೇನೋ.